ಬಾಟ್ಲಿ ಕಾಯೋ ಅವ್ವಗ ನಿದ್ದಿ ಎಲ್ಲಿ?

ಇವತ್ತು ನಿದ್ದಿ ಮಾತು. ಎಂಟು ತಾಸು ಮಲಗ್ರಿ, ಮೊಬೈಲ್ ದೂರ ಇಡ್ರಿ ಅನ್ನೋದೆಲ್ಲ ನಾ ಹೇಳಂಗಿಲ್ಲ, ಅದು ನಿಮಗ ಎಲ್ಲಾ ಕಡೆ ಸಿಗ್ತದ. ನನ್ನ ತಲ್ಯಾಗ ಕೂತದ್ದು ಒಂದೇ ಪ್ರಶ್ನಿ.

ಪಿಟ್ಸ್‌ಬರ್ಗ್ ಪ್ರಶ್ನಾವಳಿ ಅಂತ ಅದ, 1989ರದ್ದು. ನಿದ್ದಿ ಅಳೆಯೋ ಡಾಕ್ಟರ್‌ಗಳು ಜಗತ್ತಿನ ತುಂಬ ಇದನ್ನ ಬಳಸ್ತಾರ. ಅದು ಮೊದಲು ಕೇಳೋದೇ ಹೋದ ತಿಂಗಳು ದಿನಾ ಎಷ್ಟು ಗಂಟೆಗೆ ಹಾಸಿಗಿ ಸೇರ್ತಿದ್ರಿ ಅಂತ.

ಬೀದರ್‌ನ ಒಂದು ಮಕ್ಕಳ ವಾರ್ಡಿನ್ಯಾಗ ಔರಾದ್ ಕಡೀ ಅಕ್ಕ ಒಬ್ಬಾಕಿಗೆ ಇದನ್ನೇ ಕೇಳಿದೆ. ಮಂಚದ ಮ್ಯಾಲ ಕೂಸು, ಬುಡಕ ಚಾಪಿ, ರಾತ್ರಿಪೂರ್ತಿ ಟ್ಯೂಬ್‌ಲೈಟು. ಅಕಿ ನಕ್ಕಳು. "ಹಾಸಿಗಿ ಎಲ್ಲದರೀ ಅಣ್ಣಾ? ಬಾಟ್ಲಿ ಮುಗಿದ್ರ ಸಿಸ್ಟರ್‌ಗ ಹೇಳ್ಬೇಕಲ್ಲ." ಸಲೈನ್ ಬಾಟ್ಲಿ! ಖಾಲಿ ಆದ್ರ ನಳಿಗ್ಯಾಗ ರಕ್ತ ಹಿಂದಕ್ಕ ಬರ್ತದಂತ ಬಾಜು ಮಂಚದಾಕಿ ಹೆದರಿಸಿದ್ಲು. ಅದಕ್ಕ ಹನಿ ನೋಡ್ಕೋತ ಕೂಡ್ತಿದ್ಲು. ಪ್ರಶ್ನಾವಳಿ ಮಡಚಿ ಕಿಸೇದಾಗ ಇಟ್ಕೊಂಡೆ.

"ಕೂಸು ಮಲಗಿದಾಗ ನೀವೂ ಮಲಗ್ರಿ, ಚೂರುಚೂರು ಕೂಡಿಸಿದ್ರ ಲೆಕ್ಕ ಸರಿ ಹೋಗ್ತದ" ಅಂತಾರಲ್ಲ, ಅವರ ಜೋಡಿ ನನ್ನ ಜಗಳ ಅದ. ನಿದ್ದಿ ಏನು ಚಿಲ್ಲರ ರೊಕ್ಕನ? 2014ರಾಗ ಟೆಲ್ ಅವೀವ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನ ಅವರವರ ಮನ್ಯಾಗೇ ಎಂಟು ತಾಸು ಮಲಗಿಸಿ, ನಡುವ ನಾಕು ಸಲ ಫೋನ್ ಮಾಡಿ, ಹತ್ತು ಹದಿನೈದು ನಿಮಿಷ ಎಚ್ಚರ ಇಟ್ರು. ಮುಂಜಾನೆ ನೋಡಿದ್ರ ಅವರ ಮನಸ್ಸು, ಲಕ್ಷ್ಯ ಎರಡೂ ಬರೇ ನಾಕು ತಾಸು ಮಲಗಿದವರಷ್ಟೇ ಕೆಟ್ಟಿದ್ವು. ಅದೂ ಒಂದೇ ರಾತ್ರಿಗೆ. ಅದೂ ಆರಾಮ ಇದ್ದ ಹುಡುಗರು, ಸ್ವಂತ ಹಾಸಿಗಿ ಮ್ಯಾಲ.

ತಾಳ್ರಿ, ಒಂದು ಬಿಟ್ಟೆ. ವಾರ್ಡಂದ್ರ ನಾಕು ದಿನದ ಮಾತಲ್ಲ. ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸಾ ಎರಡು ಮೂರು ವರ್ಷ ನಡೀತದ, ಕಲಬುರಗಿ ಇಲ್ಲಾ ಹೈದರಾಬಾದ್ ಓಡಾಟ. ಥಲಸ್ಸೇಮಿಯಾ ಜೋರಿದ್ರ ಎರಡರಿಂದ ನಾಕು ವಾರಕ್ಕೊಮ್ಮೆ ರಕ್ತ ಏರಿಸ್ಬೇಕು. ಆ ತಾಯಿಗೆ ಮನಿಯವರು "ಮನಸ್ಸು ಗಟ್ಟಿ ಮಾಡ್ಕೋ" ಅಂತಾರ. ನನಗ ಸಿಟ್ಟು ಬರೋದು ಇಲ್ಲೇ. ಮನ್ಯಾಗ ವೆಂಟಿಲೇಟರ್ ಮ್ಯಾಲ ಇದ್ದ ಮಕ್ಕಳ ತಾಯಂದಿರನ್ನ ಅಮೆರಿಕದ 2006ರ ಒಂದು ಅಧ್ಯಯನದಾಗ ನೋಡಿದಾಗ, ನಿದ್ದಿ ಕೆಟ್ಟಷ್ಟೂ ಖಿನ್ನತೆ ಹೆಚ್ಚು ಕಂಡಿತ್ತು. ಅಕಿಗೆ ಬುದ್ಧಿಮಾತು ಬ್ಯಾಡ, ಪಾಳಿ ಬದಲಿ ಮಾಡೋರು ಬೇಕು. ಅಪ್ಪ ಹೊರಗ ವರಾಂಡಾದಾಗ ಗೊರಕಿ ಹೊಡೀತಿರ್ತಾನ. ರಾತ್ರಿ ಹೆಣ್ಮಗಳು ಒಬ್ಬಾಕಿನೇ ಒಳಗ ಅಂತ ರೂಲು. ಹನ್ನೆರಡರಿಂದ ನಾಕರ ತನಕ ಅತ್ತಿ, ನಾದಿನಿ ಯಾರರೆ ಬಾಟ್ಲಿ ನೋಡಿದ್ರೂ ನಡೀತದ.

ಇನ್ನ, ಮನಸ್ಸು ಕುಸಿದ್ರ ಯಾರನ್ನ ಕೇಳ್ಬೇಕು ಅನ್ನೋದನ್ನ ಲಗೂ ಹೇಳಿಬಿಡ್ತೀನಿ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನ್ಯಾಗ ತಾಲೂಕು ದವಾಖಾನಿಗೆ ಮನೋವೈದ್ಯರು ಬರೋದು ಮಂಗಳವಾರ. ಖರೆ, ಭಾಲ್ಕಿ ತಾಲೂಕಿನ ತಾಯಿ ಒಬ್ಬಾಕಿ ಅವತ್ತು ಬೀದರ್ ವಾರ್ಡಿನ್ಯಾಗ ಇರ್ತಾಳ. ಅದಕ್ಕ ಟೆಲಿಮಾನಸ್ ಸಹಾಯವಾಣಿ, 14416. 2022ರ ಅಕ್ಟೋಬರ್‌ದಿಂದ ಅದ, ಪುಕಟ, ಕನ್ನಡದಾಗೇ ಮಾತಾಡ್ತಾರ, ರಾತ್ರಿ ಎರಡಕ್ಕೂ ಎತ್ತತಾರ.

ಎರಡು ಅಂದಕೂಡ್ಲೇ ನೆನಪಾಯ್ತು. ಔರಾದ್ ಅಕ್ಕನ ಕೂಸು ಆರಾಮಾಗಿ ಊರಿಗೆ ಹೋಗ್ಯದ. ಫೋನ್ ಮಾಡಿದ್ದೆ. ರಾತ್ರಿ ಎರಡಕ್ಕ ಈಗೂ ಎಚ್ಚರ ಆಗ್ತದಂತ, ಮ್ಯಾಲ ನೋಡ್ತಾಳಂತ. ಬಾಟ್ಲಿ ಇಲ್ಲ, ಫ್ಯಾನ್ ತಿರುಗ್ತಿರ್ತದ.