ಬರೆಯದ ಕಾನೂನನ್ನು ಮುರಿದ ಆಟಗಾರ



ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡು ಹೊಡೆದವನು ಮೊದಲ ಬೇಸ್‌ನತ್ತ ಓಡುತ್ತಾನೆ. ಅಲ್ಲಿ ಕಾವಲಿರುವ ಫೀಲ್ಡರ್ ಬೇಸ್ ಮೇಲೆ ಒಂದು ಕಾಲಿಟ್ಟು, ಓಟಗಾರ ಬಂದು ಮುಟ್ಟುವ ಮೊದಲೇ ಚೆಂಡು ಹಿಡಿಯಬೇಕು. ಓಟಗಾರನ ಬೂಟಿನಡಿ ಲೋಹದ ಮೊಳೆಗಳಿರುತ್ತವೆ. ಬೇಸ್‌ಗಳ ನಡುವೆ ಹೀಗೆ ಕಾವಲು ನಿಲ್ಲುವವರಿಗೆ ಇನ್‌ಫೀಲ್ಡರ್ ಎಂದು ಹೆಸರು. 1947ರ ಏಪ್ರಿಲ್ 15ರಂದು ನ್ಯೂಯಾರ್ಕ್‌ನ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಈ ಜಾಗದಲ್ಲಿ ಬಂದು ನಿಂತವರು ಜಾಕಿ ರಾಬಿನ್‌ಸನ್. ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ ಕಪ್ಪುವರ್ಣೀಯನೊಬ್ಬ ಮೇಜರ್ ಲೀಗ್‌ನಲ್ಲಿ ಆಡಿದ ದಿನವದು.

ಕಪ್ಪುವರ್ಣೀಯರು ಆಡಕೂಡದೆಂದು ಲೀಗ್‌ನ ನಿಯಮಾವಳಿಯಲ್ಲಿ ಬರೆದಿರಲಿಲ್ಲ. ತಂಡಗಳ ಒಡೆಯರು ಬಾಯಿಮಾತೂ ಇಲ್ಲದೆ ಪಾಲಿಸಿಕೊಂಡು ಬಂದ ಒಪ್ಪಂದವದು. ಬರೆದ ಕಾನೂನನ್ನಾದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಬರೆಯದೆ ಇರುವುದನ್ನು ಯಾರ ಮುಂದೆ ಪ್ರಶ್ನಿಸುವುದು? ಯಾವ ತಂಡವೂ ಸೇರಿಸಿಕೊಳ್ಳದಿದ್ದರೆ ಅಲ್ಲಿಗೆ ಮುಗಿಯಿತು. ಹೀಗಾಗಿ ಕಪ್ಪುವರ್ಣೀಯರು ತಮ್ಮದೇ ಲೀಗ್‌ಗಳನ್ನು ಕಟ್ಟಿಕೊಂಡರು. ನೀಗ್ರೋ ಲೀಗ್‌ಗಳೆಂದು ಕರೆಸಿಕೊಂಡ ಅವುಗಳಲ್ಲೇ, 1945ರಲ್ಲಿ, ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ರಾಬಿನ್‌ಸನ್ ಆಡುತ್ತಿದ್ದರು.

ಅದೇ ವರ್ಷ ಡಾಡ್ಜರ್ಸ್ ತಂಡದ ಅಧ್ಯಕ್ಷ ಬ್ರಾಂಚ್ ರಿಕಿ ಅವರನ್ನು ಕರೆಸಿಕೊಂಡರು. ಯಾರು ಏನೇ ಬೈದರೂ ಆರಂಭದಲ್ಲಿ ತಿರುಗಿ ಬೀಳಬಾರದೆಂಬುದು ರಿಕಿ ಹಾಕಿದ ಷರತ್ತು. ಒಂದು ಜಗಳವಾದರೂ ಸಾಕು, ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬುದು ಅವರ ಲೆಕ್ಕಾಚಾರ. ಆದರೆ ರಾಬಿನ್‌ಸನ್ ಸ್ವಭಾವತಃ ತಲೆ ತಗ್ಗಿಸುವವರಲ್ಲ. 1944ರಲ್ಲಿ ಸೇನೆಯಲ್ಲಿದ್ದಾಗ, ಬಸ್ಸಿನ ಹಿಂಬದಿಗೆ ಹೋಗೆಂದ ಚಾಲಕನ ಮಾತಿಗೆ ಒಪ್ಪದೆ ಸೇನಾ ವಿಚಾರಣೆ ಎದುರಿಸಿ ನಿರ್ದೋಷಿಯೆನಿಸಿದ್ದರು. ಅಂಥವರು ಈಗ ಸುಮ್ಮನಿರಬೇಕಿತ್ತು.

ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ಮತ್ತು ಅವರ ಆಟಗಾರರು ಜನಾಂಗೀಯ ಬೈಗುಳ ಸುರಿಸಿದರು. ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ತಂಡದ ಈನಸ್ ಸ್ಲಾಟರ್ ಅವರ ಬೂಟಿನ ಮೊಳೆ ಮೊದಲ ಬೇಸ್‌ನಲ್ಲಿ ರಾಬಿನ್‌ಸನ್ ಕಾಲಿಗೆ ತಗುಲಿತು. ಬೇಕೆಂದು ಮಾಡಿದ್ದಲ್ಲವೆಂದು ಸ್ಲಾಟರ್ ಹೇಳುತ್ತಲೇ ಬಂದರು. ಉತ್ತರವನ್ನು ರಾಬಿನ್‌ಸನ್ ಆಟದಲ್ಲಿ ಕೊಟ್ಟರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಅವರದಾಯಿತು. 1949ರಲ್ಲಿ ಸೆಕೆಂಡ್ ಬೇಸ್‌ಮನ್ ಆಗಿದ್ದ ಅವರು, ನೂರು ಅವಕಾಶಗಳಿಗೆ ಮೂವತ್ತನಾಲ್ಕು ಹಿಟ್‌ಗಳ ಸರಾಸರಿಯಲ್ಲಿ ಆಡಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದರು. ಆ ಹೊತ್ತಿಗೆ ಮೌನದ ಷರತ್ತೂ ಮುಗಿದಿತ್ತು. ಅಂಪೈರ್‌ಗಳೊಡನೆ ಅವರು ವಾದಕ್ಕಿಳಿದರೆ, ನಿನ್ನೆಯವರೆಗೆ ತಾಳ್ಮೆಯನ್ನು ಹೊಗಳಿದವರೇ ಜಗಳಗಂಟನೆಂದರು.

ಒಬ್ಬರು ಒಳಗೆ ಹೋದ ಮಾತ್ರಕ್ಕೆ ಬಾಗಿಲು ಪೂರ್ತಿ ತೆರೆಯಲಿಲ್ಲ. 1956ರಲ್ಲಿ ರಾಬಿನ್‌ಸನ್ ಕೊನೆಯ ಪಂದ್ಯ ಆಡಿ ಮೂರು ವರ್ಷ ಕಳೆಯುವ ಹೊತ್ತಿಗೆ, 1959ರಲ್ಲಿ, ಬಾಸ್ಟನ್ ತಂಡ ತನ್ನ ಮೊದಲ ಕಪ್ಪುವರ್ಣೀಯ ಆಟಗಾರನನ್ನು ಕಣಕ್ಕಿಳಿಸಿತು. 1972ರ ಅಕ್ಟೋಬರ್‌ನಲ್ಲಿ, ಸಾಯುವ ಒಂಬತ್ತು ದಿನ ಮೊದಲು, ತಮ್ಮನ್ನು ಗೌರವಿಸಿದ ಸಮಾರಂಭದಲ್ಲೇ ಅವರು ಕಪ್ಪುವರ್ಣೀಯ ಮ್ಯಾನೇಜರ್ ಒಬ್ಬರನ್ನು ಕಾಣುವ ಆಸೆ ಹೇಳಿಕೊಂಡರು. ಅದು ಈಡೇರಿದ್ದು 1975ರಲ್ಲಿ.

1997ರಲ್ಲಿ ಎಲ್ಲ ತಂಡಗಳೂ ಅವರ 42ನೇ ಸಂಖ್ಯೆಯ ಅಂಗಿಯನ್ನು ಹೊಸಬರಿಗೆ ಕೊಡುವುದನ್ನು ನಿಲ್ಲಿಸಿದವು. 2020ರಲ್ಲಿ ನೀಗ್ರೋ ಲೀಗ್‌ಗಳಿಗೂ ಮೇಜರ್ ಲೀಗ್ ಸ್ಥಾನ ಸಿಕ್ಕಿತು. 2024ರಲ್ಲಿ ಅವುಗಳ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದಾಗ, ರಾಬಿನ್‌ಸನ್ ಅವರ 1518 ಹಿಟ್‌ಗಳಿಗೆ ಮೊನಾರ್ಕ್ಸ್ ಪರವಾಗಿ ಹೊಡೆದಿದ್ದ 49 ಕೂಡಿದವು.

ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದಾಗ ಅವರಿಗೆ 28 ವರ್ಷ. ಆಡಿದ ಆಟವನ್ನು ತಡವಾಗಿಯಾದರೂ ಲೆಕ್ಕಕ್ಕೆ ಹಿಡಿಯಬಹುದು. ಆಡಲು ಬಿಡದೆ ಕಳೆದ ವರ್ಷಗಳನ್ನು ಯಾವ ದಾಖಲೆಯೂ ಹಿಂದಕ್ಕೆ ಕೊಡಲಾರದು.