ಆಲಸ್ಯವೆಂದು ಕರೆಯುವ ಮುನ್ನ

(ಜಾವಳಿಯಲ್ಲಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರವಾದಿವರ್ಯರು(ಸ) ಮಾಡುತ್ತಿದ್ದ ಒಂದು ಪ್ರಾರ್ಥನೆ ನಿಮ್ಮಲ್ಲಿ ಹೆಚ್ಚಿನವರಿಗೆ ಕಂಠಪಾಠವಿದೆ. ಚಿಂತೆ ಮತ್ತು ದುಃಖದಿಂದ ಅಲ್ಲಾಹನ ಅಭಯ ಬೇಡಿದ ಬಳಿಕ ಅವರು ಇನ್ನೆರಡು ಸಂಗತಿಗಳನ್ನು ಹೆಸರಿಸುತ್ತಾರೆ: 'ಅಜ್‌ಝ್' ಮತ್ತು 'ಕಸಲ್'. ಮೊದಲನೆಯದು ಅಸಾಮರ್ಥ್ಯ, ಎರಡನೆಯದು ಆಲಸ್ಯ. ಮಾಡಬಲ್ಲವನು ಮಾಡದೆ ಕೂರುವುದು ಕಸಲ್. ಮಾಡಲು ಸಾಧ್ಯವಾಗದೆ ಹೋಗುವುದು ಅಜ್‌ಝ್. ಮದ್ರಸದಲ್ಲಿ ಇದನ್ನು ಕಲಿತಾಗ ಎರಡೂ ಒಂದೇ ಎಂದು ಭಾವಿಸಿ ನಾನು ಮುಂದೆ ಸಾಗಿದ್ದೆ. ನಮ್ಮ ಮನೆಗಳಲ್ಲಿಯೂ ಇವೆರಡಕ್ಕೂ ಒಂದೇ ಬೈಗುಳವಿದೆ.

ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ನನ್ನ ತಂದೆಯವರು ಬಾಂಗ್ ಕೇಳಿಸುವ ಮುನ್ನವೇ ಏಳುವವರು. ಕೆಲಸದಿಂದ ನಿವೃತ್ತರಾದ ಮೇಲೆ ಮಸೀದಿಗೆ ಹೋಗುವುದು ಕಡಿಮೆಯಾಯಿತು. ತಂದ ಪತ್ರಿಕೆ ಮಡಚಿದಂತೆಯೇ ಇರುತ್ತಿತ್ತು. ಅವರೇ ನೆಟ್ಟ ಕರಿಮೆಣಸಿನ ಬಳ್ಳಿ ಒಣಗಿದರೂ ತಿರುಗಿ ನೋಡಲಿಲ್ಲ. ಕೇಳಿದರೆ ದುಃಖವೂ ಇಲ್ಲ, ಸಿಟ್ಟೂ ಇಲ್ಲ. 'ಆಮೇಲೆ ನೋಡೋಣ' ಎಂಬ ಒಂದೇ ಮಾತು. ಮದ್ರಸ ಕಲಿತು ಬಿ.ಎ. ಓದಿದ ಮಗನಾದ ನಾನು ಅವರಿಗೆ ಈಮಾನಿನ ಕುರಿತು ಉಪದೇಶ ಮಾಡಿದೆ. ಬಂಧುಗಳು ದೃಷ್ಟಿ ತಾಗಿದೆಯೆಂದು ನೂಲು ಮಂತ್ರಿಸಿ ತಂದರು. ಬಲಗೈ ನಡುಗತೊಡಗಿದ ನಂತರವಷ್ಟೇ ವೈದ್ಯರ ಬಳಿ ಕರೆದೊಯ್ದೆವು. ಪಾರ್ಕಿನ್ಸನ್ ಕಾಯಿಲೆ ಎಂದರು. ನಡುಕಕ್ಕಿಂತ ಮೊದಲೇ ಇಂತಹ ನಿರಾಸಕ್ತಿ ಕಾಣಿಸಿಕೊಳ್ಳುವುದುಂಟೆಂದೂ ಹೇಳಿದರು. ಎರಡು ವರ್ಷ ಕಾಲ ನಾನು ಉಪದೇಶಿಸಿದ್ದು ಒಂದು ರೋಗಕ್ಕೆ!

ಏನಿದರ ಒಳಗುಟ್ಟು? ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಕೆಲವೇ ಲಕ್ಷ ಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಇದನ್ನು ಸುಖದ ರಾಸಾಯನಿಕ ಎಂದು ಪತ್ರಿಕೆಗಳಲ್ಲಿ ನಾವೇ ಬರೆದು ಜನರ ದಾರಿ ತಪ್ಪಿಸಿದ್ದೇವೆ. ಅಮೆರಿಕದ ವಿಜ್ಞಾನಿ ಜಾನ್ ಸಾಲಮೋನ್ ಮತ್ತು ಸಂಗಡಿಗರು ಇಲಿಗಳ ಮುಂದೆ ಎರಡು ದಾರಿಗಳನ್ನಿಟ್ಟರು. ಒಂದರ ಕೊನೆಯಲ್ಲಿ ಸ್ವಲ್ಪ ಆಹಾರ, ಇನ್ನೊಂದರಲ್ಲಿ ಹೆಚ್ಚು. ಆದರೆ ಹೆಚ್ಚಿರುವ ಕಡೆ ಒಂದು ತಡೆಗೋಡೆ. ಆರೋಗ್ಯವಂತ ಇಲಿಗಳು ಗೋಡೆ ಹತ್ತಿದವು. ಮೆದುಳಿನ ಒಂದು ಭಾಗದಲ್ಲಿ ಡೋಪಮಿನ್ ಕುಗ್ಗಿಸಲ್ಪಟ್ಟ ಇಲಿಗಳು ಸುಲಭದ ದಾರಿಯಲ್ಲಿ ಹೋಗಿ ಇದ್ದಷ್ಟನ್ನು ತಿಂದವು. ಗೋಡೆ ತೆಗೆದಾಗ ಅವೂ ಹೆಚ್ಚಿನ ಆಹಾರದತ್ತಲೇ ಧಾವಿಸಿದವು. ಹಸಿವು ಸತ್ತಿರಲಿಲ್ಲ, ರುಚಿಯೂ ಕೆಟ್ಟಿರಲಿಲ್ಲ. ಗೋಡೆ ಹತ್ತುವ ಶ್ರಮ ಮಾತ್ರ ಅವುಗಳ ಪಾಲಿಗೆ ಭಾರವಾಗಿತ್ತು. 'ಬಿರಿಯಾನಿ ಮಾಡಿದರೆ ತಿನ್ನುತ್ತಾನೆ, ಕೆಲಸಕ್ಕೆ ಮಾತ್ರ ಆಗುವುದಿಲ್ಲ' ಎಂದು ಮಗನನ್ನು ಹಂಗಿಸುವ ತಾಯಂದಿರು ಈ ಇಲಿಗಳನ್ನು ಒಮ್ಮೆ ನೆನೆಯಬೇಕು.

ಈ ಅರಿವಿನ ಇತಿಹಾಸದಲ್ಲಿ ನಮ್ಮ ಕಾಡಿನ ಗಿಡಗಳಿಗೂ ಪಾಲಿದೆ. ಸರ್ಪಗಂಧಿ ನಿಮಗೆ ಗೊತ್ತು. ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿಯವರು 1931ರಲ್ಲಿ ಅದರ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ತಮ್ಮನ್ನು ಆ ಕೆಲಸಕ್ಕೆ ಕರೆತಂದ ಹಕೀಮ್ ಅಜ್ಮಲ್ ಖಾನರ ನೆನಪಿಗೆ 'ಅಜ್ಮಲೈನ್' ಎಂದು ಹೆಸರಿಟ್ಟರು. ಸ್ವಾತಂತ್ರ್ಯ ಹೋರಾಟದ ಈ ಮುಂದಾಳು ಮದ್ದಿನ ಬೇರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಹಿಂಜರಿಯಲಿಲ್ಲ. ಇಂದು ನೂಲು ಮಂತ್ರಿಸುವವರು ಇದನ್ನು ಗಮನಿಸಲಿ. 1952ರಲ್ಲಿ ಸ್ವಿಟ್ಝರ್‌ಲೆಂಡಿನ ಸಂಶೋಧಕರು ಅದೇ ಬೇರಿನಿಂದ ರಿಸರ್ಪಿನ್ ತೆಗೆದರು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಹಾಕಿ ಕದಲದೆ ಕುಳಿತವು. ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಮತ್ತೆ ಎದ್ದು ಓಡಾಡಿದವು. ಅದು ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುತ್ತದೆ. 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ದೊರೆಯಿತು. ಈ ಎಲ್-ಡೋಪಾ ನಮ್ಮ ಬೇಲಿಯಲ್ಲಿ ಬೆಳೆಯುವ, ತಾಗಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿದೆ. 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಹಾಗೆಂದು ಯಾರೂ ಮನೆಯಲ್ಲಿ ಬೀಜ ಕುಟ್ಟಿ ಕುಡಿಸಬಾರದು. ಪ್ರಮಾಣ ತಪ್ಪಿದರೆ ಅಪಾಯವಿದೆ.

ಎಲ್ಲ ನಿರಾಸಕ್ತಿಯೂ ಡೋಪಮಿನ್ ಕೊರತೆಯಲ್ಲ. ಥೈರಾಯ್ಡ್ ಕುಗ್ಗಿರಬಹುದು, ರಕ್ತಹೀನತೆಯಿರಬಹುದು, ಪಾರ್ಶ್ವವಾಯು ಮೆದುಳಿನ ಮುಂಭಾಗಕ್ಕೆ ಹಾನಿ ಮಾಡಿರಬಹುದು, ಖಿನ್ನತೆಯಿರಬಹುದು, ಗಾಂಜಾ ಇರಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿಗೆ ವರ್ಷಗಟ್ಟಲೆ ಮಗಳನ್ನು ಬೈದ ಮನೆಗಳಿವೆ.

ಇನ್ನು ರೋಗವಿಲ್ಲದೆಯೂ ಕೈಚೆಲ್ಲುವವರ ವಿಚಾರ. 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್, ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳು ಅನಂತರ ಬಿಡುಗಡೆಯ ದಾರಿಯಿದ್ದರೂ ಮಲಗಿಯೇ ಇದ್ದುದನ್ನು ಕಂಡರು. ನಿಸ್ಸಹಾಯಕತೆಯನ್ನು ಜೀವಿ ಕಲಿಯುತ್ತದೆ ಎಂದರು. 2016ರಲ್ಲಿ ಅವರೇ ಅದನ್ನು ತಿದ್ದಿದರು. ದೀರ್ಘ ಕಷ್ಟದಲ್ಲಿ ಕದಲದಿರುವುದೇ ಮೆದುಳಿನ ಮೂಲ ಸ್ವಭಾವ. ಕಲಿಯುವುದೇನಿದ್ದರೂ, ನನ್ನ ಯತ್ನಕ್ಕೆ ಫಲವಿದೆ ಎಂಬುದನ್ನು.

ಆ ಕಲಿಕೆಗೆ ಇಲ್ಲಿ ಅವಕಾಶವೆಷ್ಟಿದೆ? 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಲೆಮನೆ, ಮಧುಗುಂಡಿಯ ಜನ ಮನೆ ಕಳಕೊಂಡರು. ಬಳಿಕ ಪುನರ್ವಸತಿಗಾಗಿ ವರ್ಷಗಟ್ಟಲೆ ಕಾದುದನ್ನು ಇದೇ ತಾಲೂಕಿನವರಾದ ನೀವು ಬಲ್ಲಿರಿ. 2022ರಲ್ಲಿ ಕೇಂದ್ರ ಸರಕಾರವು ಒಂದರಿಂದ ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನೂ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು. ಏಣಿ ಕಿತ್ತುಕೊಂಡು, ಹತ್ತುವ ಆಸಕ್ತಿಯೇ ಇವರಿಗಿಲ್ಲ ಎನ್ನುವುದು ಯಾವ ನ್ಯಾಯ? ಆದರೆ ಹೇಗಿದ್ದರೂ ಕೆಲಸ ಸಿಗದು, ಓದಿ ಏನು ಮಾಡುತ್ತೀ ಎಂದು ಹತ್ತನೆಯ ತರಗತಿಯ ಹುಡುಗನಿಗೆ ಹೇಳುವವರು ಯಾರು? ನಾವೇ ಅಲ್ಲವೇ? ಜಮಾಅತ್ ಕಮಿಟಿಯು ಅಂತಹ ಹುಡುಗನೊಂದಿಗೆ ಕೂತು ಒಂದು ಅರ್ಜಿ ತುಂಬಿಸಿ, ಅದರ ಹಿಂದೆ ಬಿದ್ದು ಒಂದು ಫಲ ತಂದುಕೊಟ್ಟರೆ, ಅದು ನೂರು ಪ್ರವಚನಗಳಿಗಿಂತ ಮಿಗಿಲು.

ನೆರವಿಗೆ ದೂರ ಹೋಗಬೇಕಿಲ್ಲ. ಸರಕಾರದ 'ಟೆಲಿ ಮಾನಸ್' ಸೇವೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಹೆಸರು ಕೆಡುತ್ತದೆ, ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಂಜಿಕೆಯನ್ನು ಬಿಡಿ.

ನನ್ನ ತಂದೆಯವರಿಗೆ ಔಷಧದಿಂದ ನಡುಕ ತಗ್ಗಿದೆ. ನಿರಾಸಕ್ತಿ ಪೂರ್ತಿ ಹೋಗಿಲ್ಲ. ಇಂತಹವರಿಗೆ ಕೆಲಸವಲ್ಲ, ಅದನ್ನು ಆರಂಭಿಸುವುದೇ ಕಷ್ಟ ಎಂದು ವೈದ್ಯರು ತಿಳಿಸಿದ್ದಾರೆ. ಆದುದರಿಂದ ಮಗ್‌ರಿಬಿಗೆ ಬರುತ್ತೀರಾ ಎಂದು ನಾನು ಈಗ ಕೇಳುವುದಿಲ್ಲ. ಅವರ ಚಪ್ಪಲಿಯನ್ನು ಕಾಲ ಬಳಿ ಇಟ್ಟು, ಟಾರ್ಚ್ ಹಿಡಿದು ಜಗಲಿಯಲ್ಲಿ ನಿಲ್ಲುತ್ತೇನೆ. ಹೆಚ್ಚಿನ ದಿನ ಬರುತ್ತಾರೆ.