ಕಿರುಗಣಕವೂ ದೋಷಶೋಧನೆಯೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಶಾಲೆಯಲ್ಲಿ ಈ ವರ್ಷ ನಡೆದ ಕಿರುಗಣಕದ ಕೆಲಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯವೂ ಹೌದು. ಆ ಯಂತ್ರಗಳನ್ನು ಕೊಂಡ ಹಣ ಸಂಘದ್ದು, ಎಂದರೆ ನಿಮ್ಮದು. ಹತ್ತಿಯ ಮಂಡಿಯಲ್ಲಿ ಮೂಟೆ ಹೊತ್ತವರು ಕೊಟ್ಟ ಚಂದಾ ಹಣವೂ ಅದರಲ್ಲಿ ಸೇರಿದೆ. ಎರಡು ಯಂತ್ರಗಳನ್ನು ಕೊಂಡೆವು, ಒಂದು ಸುಟ್ಟುಹೋಯಿತು. ಅದು ಹೇಗೆ ಸುಟ್ಟಿತೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದೇ ಇಂದಿನ ನಮ್ಮ ಮುಖ್ಯ ಅರಿಕೆ. ಅದಕ್ಕೆ ಮೊದಲು ಆ ಯಂತ್ರವೆಂದರೇನೆಂಬುದನ್ನು ಹೇಳಬೇಕು.

ಇಗೋ, ನಮ್ಮ ಕೈಯಲ್ಲಿರುವುದೇ ಅದು. ಉದ್ದಗಲಗಳಲ್ಲಿ ನಿಮ್ಮ ಜೇಬಿನಲ್ಲಿರುವ ಆಧಾರ್ ಕಾರ್ಡಿನಷ್ಟು. ಒಂದೇ ಹಲಗೆಯ ಮೇಲೆ ಇಡೀ ಗಣಕಯಂತ್ರವಿದೆ. ಪರದೆ, ಕೀಲಿಮಣೆಗಳನ್ನು ಬೇರೆ ಜೋಡಿಸಬೇಕು. ಇದರ ಹೆಸರು ರಾಸ್ಪ್‌ಬೆರಿ ಪೈ. ಗಣಕಶಾಸ್ತ್ರವನ್ನೋದಲು ಬರುವ ಹುಡುಗರಿಗೆ ಯಂತ್ರವನ್ನು ಸ್ವತಃ ಬಿಚ್ಚಿ, ಬರೆದು, ಕೆಡಿಸಿ, ಸರಿಪಡಿಸಿದ ಅನುಭವವೇ ಇಲ್ಲದಂತಾಯಿತೆಂದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಚಿಂತಿಸಿ, ಹುಡುಗರ ಕೈಗೆಟುಕುವ ಬೆಲೆಯ ಗಣಕವನ್ನು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ತಂದರು. ಇದರ ಒಂದು ಅಂಚಿನಲ್ಲಿ ಎರಡು ಸಾಲಾಗಿ 40 ಲೋಹದ ಕಡ್ಡಿಗಳು ನಿಂತಿರುವುದನ್ನು ನೋಡಿರಿ. ದೀಪ, ಪಂಖ, ಉಷ್ಣಮಾಪಕ ಮೊದಲಾದ ಹೊರಗಿನ ವಸ್ತುಗಳನ್ನು ಗಣಕಕ್ಕೆ ಸೇರಿಸುವುದು ಈ ಕಡ್ಡಿಗಳ ಮೂಲಕ. ನಮ್ಮ ಕಥೆಯೆಲ್ಲ ಇವುಗಳಲ್ಲಿ ಮೊದಲಿನ ಎರಡು ಕಡ್ಡಿಗಳ ನಡುವೆ ನಡೆದದ್ದು.

"ಇದು ಆಟವಲ್ಲವೆ, ಪರೀಕ್ಷೆಗೆ ಬರುತ್ತದೆಯೆ?" ಎಂದು ಕೆಲವು ಪೋಷಕರು ನಮ್ಮನ್ನು ಕೇಳಿದ್ದುಂಟು. ಆಟವೇ ಸರಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ನಡೆಯಿಸತೊಡಗಿದರು. ಅವರಿಗೆ ಅದು ಉದ್ಯೋಗವಾಗಿರಲಿಲ್ಲ, ಹವ್ಯಾಸವಾಗಿತ್ತು. ಆ ಕೇಂದ್ರಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಎಂಜಿನಿಯರುಗಳೊಡನೆ ಕೂಡಿ, ಓದುಬರಹ ಬಾರದವನಿಗೂ ಅವನ ನುಡಿಯಲ್ಲಿಯೇ ಓದಿ ಹೇಳಬೇಕೆಂಬ ಆಸೆಯಿಂದ ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ರಚಿಸಿದರು. 2004ರಲ್ಲಿ ಅದು ಪೇಟೆಗೆ ಬಂತು; ಹೆಚ್ಚಾಗಿ ಮಾರಾಟವಾಗಲಿಲ್ಲ. ಮಾರಾಟವಾಗದಿದ್ದರೂ ಅದು ಕನ್ನಡನಾಡಿನ ಕೆಲಸವೆಂಬ ಅಭಿಮಾನ ನಮಗಿದೆ. ಇನ್ನು ಪರೀಕ್ಷೆಯ ಮಾತಿಗೆ ಮುಂದೆ ಬರುತ್ತೇವೆ.

ನಮ್ಮ ಆರನೆಯ ಮತ್ತು ಏಳನೆಯ ತರಗತಿಗಳು ತಗಡಿನ ಛಾವಣಿಯ ಕೆಳಗೆ ನಡೆಯುತ್ತವೆ. ಆದವಾನಿಯ ಬೇಸಗೆ ಎಂಥದೆಂದು ನಿಮಗೆ ಹೇಳಬೇಕಾದುದಿಲ್ಲ. ತಗಡಿಗೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಪ್ರತಿಫಲಿಸಿ ಕೋಣೆ ತಂಪಾಗುವುದೆಂದು ಸಂಘಕ್ಕೆ ಬಿನ್ನಹ ಮಾಡಿಕೊಂಡೆವು. ಮಂಡಲಿಯ ಹಿರಿಯರೊಬ್ಬರು, "ಮೇಷ್ಟ್ರೇ, ಬಾಯಿಮಾತು ಬೇಡ, ಅಂಕಿ ತನ್ನಿರಿ" ಎಂದರು. ನ್ಯಾಯವಾದ ಮಾತು. ಹೀಗೆ ಒಂದೊಂದು ಕೋಣೆಗೆ ಒಂದೊಂದು ಯಂತ್ರವನ್ನಿಟ್ಟು, ಗಂಟೆಗೊಮ್ಮೆ ಉಷ್ಣತೆಯನ್ನು ಬರೆದಿಡುವ ಕೆಲಸವನ್ನು ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಕೈಗೊಂಡರು.

ಮೊದಲ ದಿನವೇ ಏಳನೆಯ ತರಗತಿಯ ಯಂತ್ರ 85 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸಿತು! ಹೊತ್ತೇರಿದರೂ 85, ಹೊತ್ತು ಮುಳುಗಿದರೂ 85. ಆ ಹಿರಿಯರು ನಕ್ಕು, ನೆಲದ ಮೇಲೆ ಅಕ್ಕಿ ಚೆಲ್ಲಿದರೆ ಅನ್ನವಾದೀತೆಂದರು. ಹುಡುಗರಿಗೆ ಅವಮಾನವಾಗಿ, ಗಾಬರಿಯಲ್ಲಿ ತಂತಿ ಬದಲಿಸಿದರು, ಮಾಪಕ ಬದಲಿಸಿದರು, ಕಾರ್ಡು ಬದಲಿಸಿದರು, ಬರೆದ ಆದೇಶಗಳನ್ನೂ ತಿದ್ದಿದರು. ಯಂತ್ರ ಸರಿಹೋಯಿತು. ಮೂರನೆಯ ದಿನ ಮತ್ತೆ 85. ಯಾವುದರಿಂದ ಸರಿಹೋಗಿತ್ತೆಂಬುದು ಈಗ ಯಾರಿಗೂ ಗೊತ್ತಿಲ್ಲ. ನಾಡಿ ನೋಡದೆ ಒಂದೇ ದಿನ ನಾಲ್ಕು ಕಷಾಯ ಕುಡಿಸಿದ ಪಂಡಿತನ ಪಾಡಾಯಿತು.

ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಕೋಸಿಗಿಯ ಕಡೆಯ ಹಳ್ಳಿಯವನು, ಒಂದು ದಪ್ಪ ನೋಟುಪುಸ್ತಕ ತಂದು ಅದರ ಮೊದಲ ಪುಟದಲ್ಲಿ ಮೂರು ನಿಯಮಗಳನ್ನು ಬರೆದನು. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ತಂತಿಯನ್ನು ಮುಟ್ಟುವ ಮೊದಲು ವಿದ್ಯುತ್ತನ್ನು ಆರಿಸತಕ್ಕದ್ದು. ಯಾರು ಏನು ಮಾಡಿದರೂ, ಆ ದಿನದ ಸರದಿಯವರು ಕಂಡದ್ದನ್ನು ಕಂಡಹಾಗೆ ಬರೆಯತಕ್ಕದ್ದು. ಇದನ್ನು ನಾವು ಹೇಳಿಕೊಟ್ಟದ್ದಲ್ಲ.

ಆ ನಿಯಮದಂತೆ ಹುಡುಕಿದಾಗ ದೋಷ ಸಿಕ್ಕಿತು. ಈ ಉಷ್ಣಮಾಪಕಕ್ಕೆ ಮೂರು ತಂತಿಗಳು: ಕೆಂಪು ವಿದ್ಯುತ್ತಿಗೆ, ಕಪ್ಪು ನೆಲೆಗೆ, ಹಳದಿ ಸುದ್ದಿ ಒಯ್ಯಲು. ಅದು ಎಚ್ಚರಗೊಂಡ ಕೂಡಲೆ, ಇನ್ನೂ ಅಳೆಯದೆ ಇರುವಾಗ, ತನ್ನೊಳಗೆ ಇಟ್ಟುಕೊಂಡಿರುವ ಅಂಕಿಯೇ 85. ಅಳೆಯುವ ಗಳಿಗೆಯಲ್ಲಿ ವಿದ್ಯುತ್ತು ಕಡಿದುಹೋದರೆ ಆ ಆರಂಭದ ಅಂಕಿಯನ್ನೇ ಮತ್ತೆ ಹೇಳುತ್ತದೆ. ಎಂದಮೇಲೆ 85 ಎಂಬುದು ಕೋಣೆಯ ಉಷ್ಣತೆಯಲ್ಲ. "ನಾನಿನ್ನೂ ಅಳೆದಿಲ್ಲ" ಎಂಬ ಮಾಪಕದ ನಿವೇದನೆ. ಹುಡುಗ ಮೀಟರನ್ನಿಟ್ಟು ನೋಡಿದನು. ಗಣಕದ ತುದಿಯಲ್ಲಿ ಕೆಂಪು ಕಪ್ಪುಗಳ ನಡುವೆ 3.3 ವೋಲ್ಟು ಸರಿಯಾಗಿತ್ತು. ಮಾಪಕದ ತುದಿಯಲ್ಲಿ, ಕೆಂಪು ತಂತಿಯನ್ನು ಬೆರಳಿನಿಂದ ಅಲುಗಿಸಿದಾಗಲೆಲ್ಲ ಅಂಕಿ ಬಿದ್ದು ಏಳುತ್ತಿತ್ತು. ತಂತಿಯ ಕೊನೆಯ ಹಿಡಿ ಸಡಿಲವಾಗಿತ್ತು. ಅಷ್ಟೆ! ಮೊದಲು ತಂತಿ ಬದಲಿಸಿದಾಗ ತಾತ್ಕಾಲಿಕವಾಗಿ ಬಿಗಿಯಾಗಿ ಕುಳಿತಿದ್ದಿರಬೇಕು. ಬೆಸುಗೆ ಹಾಕಿಸಿದ ಮೇಲೆ ಆ ಕಾಯಿಲೆ ಮರುಕಳಿಸಲಿಲ್ಲ.

ಇನ್ನೊಂದು ಯಂತ್ರದ ಪರದೆಯ ಮೂಲೆಯಲ್ಲಿ ಆಗಾಗ ಮಿಂಚಿನ ಗುರುತು ಕಾಣಿಸುತ್ತಿತ್ತು. ಯಂತ್ರ ತಾನಾಗಿಯೇ ನಿಂತು ಮತ್ತೆ ಹೊರಡುತ್ತಿತ್ತು. ಈಗ ಪರೀಕ್ಷೆಯ ಮಾತು ಬಂತು. ಗಣಕಕ್ಕೆ ತಲುಪುವ ವೋಲ್ಟು ಸುಮಾರು 4.63ಕ್ಕಿಂತ ಕೆಳಗಿಳಿದರೆ ಆ ಗುರುತು ಮೂಡುತ್ತದೆ. ನಾವು ಹಳೆಯ ಮೊಬೈಲಿನ 5 ವೋಲ್ಟಿನ ಚಾರ್ಜರನ್ನೂ ಅದರ ಸಣ್ಣ ತಂತಿಯನ್ನೂ ಹಾಕಿದ್ದೆವು. ತಂತಿಯ ರೋಧ ಅರ್ಧ ಓಮು, ಹರಿಯುವ ವಿದ್ಯುತ್ತು 1 ಆಂಪಿಯರು ಎಂದಿಟ್ಟುಕೊಳ್ಳಿರಿ. ಓಮನ ನಿಯಮದಂತೆ ತಂತಿಯಲ್ಲಿಯೇ ಅರ್ಧ ವೋಲ್ಟು ಕಳೆದುಹೋಗಿ, ಯಂತ್ರಕ್ಕೆ ಮುಟ್ಟುವುದು 4.5. ಕಾಲುವೆಯ ತಲೆಯಲ್ಲಿ ನೀರು ತುಂಬಿದ್ದರೂ ಕೊನೆಯ ಹೊಲಕ್ಕೆ ಮುಟ್ಟದಿರುವುದನ್ನು ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ರೈತರು ನಮಗಿಂತ ಚೆನ್ನಾಗಿ ಬಲ್ಲರು. 5.1 ವೋಲ್ಟಿನಲ್ಲಿ 2.5 ಆಂಪಿಯರು ಕೊಡಬಲ್ಲ ಸರಿಯಾದ ಚಾರ್ಜರನ್ನು ದಪ್ಪ ತಂತಿಯೊಡನೆ ತರಿಸಿದ ದಿನದಿಂದ ಮಿಂಚು ಕಾಣಲಿಲ್ಲ. ಓಮನ ನಿಯಮವನ್ನು ಬಾಯಿಪಾಠ ಮಾಡಿದ್ದ ಹತ್ತನೆಯ ತರಗತಿಯವರು ಈ ಲೆಕ್ಕವನ್ನು ನೋಡಲು ಕಿಟಕಿಯಲ್ಲಿ ನಿಂತಿದ್ದರು.

ಕರೆಂಟು ಥಟ್ಟನೆ ಹೋದಾಗ, ಬರೆಯುತ್ತಿದ್ದ ಕಾರ್ಡು ಕೆಟ್ಟು ಎರಡು ವಾರದ ಅಂಕಿಗಳು ಅಳಿಸಿಹೋದುದೂ ಉಂಟು. ಹೆಣ್ಣುಮಕ್ಕಳು ದಿನವೂ ಮಧ್ಯಾಹ್ನ ಒಂದು ಗಂಟೆಯ ಅಂಕಿಯನ್ನು ನೋಟುಪುಸ್ತಕದಲ್ಲಿ ಕೈಯಿಂದ ಬರೆದಿಟ್ಟಿದ್ದರಿಂದ ಮಾನ ಉಳಿಯಿತು.

ಭಾಷೆಯ ವಿಷಯವಾಗಿ ಒಂದು ಮಾತು. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದಂದಿನಿಂದ, ಕನ್ನಡದಲ್ಲಿ ಓದಿದರೆ ಮುಂದೇನು ಎಂಬ ಪ್ರಶ್ನೆಯನ್ನು ಈ ಕಡೆಯ ತಂದೆತಾಯಿಗಳು ಕೇಳುತ್ತಲೇ ಇದ್ದಾರೆ. ಯಂತ್ರ ತಪ್ಪನ್ನು ಹೇಳುವುದು ಇಂಗ್ಲಿಷಿನಲ್ಲಿ. ಅದನ್ನು ಕಂಡು ನಮ್ಮ ಮಕ್ಕಳು ಮೊದಮೊದಲು ಕೈ ಹಿಂದೆಗೆದರು. ಆ ವಾಕ್ಯವನ್ನು ಅಕ್ಷರ ಬಿಡದೆ ಪುಸ್ತಕಕ್ಕೆ ಇಳಿಸಿಕೊಂಡು ಅದರ ಕೆಳಗೆ ಕನ್ನಡದಲ್ಲಿ ಅರ್ಥ ಬರೆಯುವುದೆಂದು ಏರ್ಪಾಡಾಯಿತು. ಬೇರೆ ಬೇರೆಯಾಗಿ ಕಂಡ ತಪ್ಪುಗಳು ಎಷ್ಟೋ ಸಲ ಅವೇ ಕೆಲವು ವಾಕ್ಯಗಳೆಂದು ಬೇಗನೆ ತಿಳಿಯಿತು. ಆದೇಶಗಳನ್ನು ಬರೆಯುವ ಪೈಥಾನ್ ಭಾಷೆಯ ಈಗಿನ ಆವೃತ್ತಿ, ನಾವಿಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಒಪ್ಪುತ್ತದೆ. ಉಷ್ಣತೆಯನ್ನು ಹಿಡಿದಿಡುವ ಪದಕ್ಕೆ ನಮ್ಮ ಮಕ್ಕಳು 'ತಾಪ' ಎಂದೇ ಹೆಸರಿಟ್ಟಿದ್ದಾರೆ; ಯಂತ್ರ ತಕರಾರು ಮಾಡಲಿಲ್ಲ.

ಈಗ ಸುಟ್ಟ ಯಂತ್ರದ ವಿಷಯ. ಸಂಕ್ರಾಂತಿ ಕಳೆದ ಒಂದು ಸೋಮವಾರ ಸಂಜೆ ಆ ಹುಡುಗ ಯಂತ್ರವನ್ನು ಹೊರಡಿಸಿದಾಗ ಕೆಂಪು ದೀಪ ಉರಿಯಿತು, ಹಸಿರು ದೀಪ ಮಿಣುಕಲಿಲ್ಲ. ಅವನೇ ಬಂದು ನಮಗೆ ತಿಳಿಸಿದನು. ಕೊನೆಗೆ ಮುಟ್ಟಿದವನು ಅವನೆಂದು ನಾವು ತರಗತಿಯ ಮುಂದೆ ನಿಲ್ಲಿಸಿ, ಸಂಘದ ಹಣ ಹಾಳುಮಾಡಿದೆಯೆಂದು ಗದರಿಸಿದೆವು. ಅವನು ಎದುರಾಡಲಿಲ್ಲ. ಅವನ ತಂದೆತಾಯಿಗಳು ವರ್ಷವೂ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುವವರು. ಹಿಂದಿನ ಎರಡು ವರ್ಷ ಅವನು ಅಜ್ಜಿಯ ಮನೆಯಲ್ಲಿದ್ದು ಶಾಲೆ ಬಿಟ್ಟಿರಲಿಲ್ಲ. ಈ ಸಲ ಅವರೊಡನೆ ಹೊರಟುಹೋದನು. ನಮ್ಮ ಗದರಿಕೆಯೇ ಕಾರಣವೆಂದು ಅವನು ಯಾರಿಗೂ ಹೇಳಲಿಲ್ಲ. ಅಲ್ಲವೆಂದು ನಾವೂ ಹೇಳಲಾರೆವು.

ಮೂರು ವಾರಗಳ ಮೇಲೆ ಸಂಘಕ್ಕೆ ವರದಿ ಬರೆಯಲೆಂದು ನೋಟುಪುಸ್ತಕವನ್ನು ತೆರೆದೆವು. ಆ ಸೋಮವಾರದ ಪುಟದಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿಯ ದುಂಡಕ್ಷರ ಹೀಗಿತ್ತು: "ಬೆಳಗ್ಗೆ 9-40. ಹೆಡ್‌ಮಾಸ್ತರು ಕೆಂಪು ತಂತಿಯನ್ನು ಒಂದನೆಯ ಕಡ್ಡಿಯಿಂದ ಎರಡನೆಯ ಕಡ್ಡಿಗೆ ಹಾಕಿದರು. ವಿದ್ಯುತ್ತು ಆರಿಸಿರಲಿಲ್ಲ. ಪರದೆ ಆರಿತು. ಗಂಟೆ ಹೊಡೆಯಿತು."

ಓದಿದೊಡನೆ ಎಲ್ಲವೂ ನೆನಪಾಯಿತು. ವೋಲ್ಟು ಹೆಚ್ಚಿದರೆ ಮಾಪಕ ಇನ್ನಷ್ಟು ಸ್ಥಿರವಾದೀತೆಂದು ನಾವೇ ತಂತಿಯನ್ನು ಬದಲಿಸಹೋಗಿದ್ದೆವು. ಒಂದನೆಯ ಕಡ್ಡಿ 3.3 ವೋಲ್ಟಿನದು, ಎರಡನೆಯದು 5 ವೋಲ್ಟಿನದು, ಎರಡೂ ಅಕ್ಕಪಕ್ಕದಲ್ಲಿವೆ. ತಂತಿಯ ಬರಿಯ ತುದಿ ಎರಡನ್ನೂ ಒಮ್ಮೆಗೇ ಮುಟ್ಟಿ, 5 ವೋಲ್ಟು 3.3ರ ದಾರಿಗೆ ನುಗ್ಗಿತು. ಈ ಜಾತಿಯ ಹಲಗೆಗಳು ಸಾಯುವ ಬಗೆಗಳಲ್ಲಿ ಇದು ಪ್ರಸಿದ್ಧವಾದುದು. ಪರದೆ ಆರಿದ್ದನ್ನು ಕಂಡು ಕರೆಂಟು ಹೋಯಿತೆಂದುಕೊಂಡು ಪಾಠಕ್ಕೆ ನಡೆದೆವು. ಮೀಟರು ಇಟ್ಟು ನೋಡಿದಾಗ ಎರಡನೆಯ ಕಡ್ಡಿಯಲ್ಲಿ 5 ಇತ್ತು, ಒಂದನೆಯದರಲ್ಲಿ ಸೊನ್ನೆ. ಹುಡುಗಿಯನ್ನು ಕರೆದು, ಇದನ್ನು ಅಂದೇ ಏಕೆ ಹೇಳಲಿಲ್ಲವೆಂದು ಕೇಳಿದೆವು. "ಬರೆದಿದ್ದೆನಲ್ಲ ಸಾರ್" ಎಂದಳು.

ಮರುದಿನವೇ ಆ ಹಳ್ಳಿಗೆ ಹೋಗಿ ಅಜ್ಜಿಯನ್ನು ಕಂಡು, ಅವರ ಮೊಬೈಲಿನಿಂದಲೇ ಹುಡುಗನೊಡನೆ ಮಾತನಾಡಿದೆವು. ತಪ್ಪು ನಮ್ಮದೆಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದನೆಯ ಕಡ್ಡಿಯಲ್ಲಿ ಎಷ್ಟು ವೋಲ್ಟಿತ್ತು ಸಾರ್, ಬರೆದಿದ್ದೀರಾ?" ಎಂದು ಕೇಳಿದನು. ಅವನ ತಂದೆ ವಾರದೊಳಗೆ ಅವನನ್ನು ಬಸ್ಸು ಹತ್ತಿಸಿ ಕಳಿಸಿದರು. ಇಂದು ಅವನ ಅಜ್ಜಿ ಈ ಸಭೆಯಲ್ಲಿ ಕುಳಿತಿದ್ದಾರೆ. ತರಗತಿಯ ಮುಂದೆ ಗದರಿಸಿದವರು ಕ್ಷಮೆಯನ್ನು ಕೋಣೆಯೊಳಗೆ ಕೇಳುವುದು ಸರಿಯಲ್ಲವೆಂದು, ಅಮ್ಮಾ, ನಿಮ್ಮೆಲ್ಲರ ಮುಂದೆ ಕೇಳುತ್ತಿದ್ದೇವೆ. ಸುಟ್ಟ ಯಂತ್ರದ ಬೆಲೆಯನ್ನು ನಮ್ಮ ಸಂಬಳದಿಂದ ಸಂಘಕ್ಕೆ ಕಟ್ಟಿದ್ದೇವೆ.

ಉಳಿದ ಒಂದೇ ಯಂತ್ರದಿಂದ ಎರಡು ಕೋಣೆಗಳನ್ನು ಅಳೆಯುವ ಉಪಾಯವನ್ನೂ ಅವನೇ ಕಂಡುಹಿಡಿದನು. ಈ ಜಾತಿಯ ಪ್ರತಿಯೊಂದು ಮಾಪಕಕ್ಕೂ ಕಾರ್ಖಾನೆಯಲ್ಲಿಯೇ ಕೊಟ್ಟ ಬೇರೆ ಬೇರೆ ಗುರುತಿನ ಸಂಖ್ಯೆ ಇರುವುದರಿಂದ, ಒಂದೇ ಹಳದಿ ತಂತಿಯ ಮೇಲೆ ಹಲವನ್ನು ಕಟ್ಟಿದರೂ ಗಣಕ ಹೆಸರು ಹಿಡಿದು ಕರೆದಂತೆ ಒಂದೊಂದನ್ನೇ ವಿಚಾರಿಸುತ್ತದೆ. ನಡುಗೋಡೆಯಲ್ಲಿ ಒಂದು ತೂತು ಕೊರೆದೆವು. ಸುಣ್ಣ ಬಳಿಯುವ ಮೊದಲು ಎರಡು ಕೋಣೆಗಳನ್ನೂ ಹತ್ತು ದಿನ ಅಳೆದಿಟ್ಟೆವು. ಹೋದ ವಾರ ಆರನೆಯ ತರಗತಿಯ ತಗಡಿಗೆ ಸುಣ್ಣ ಬಳಿಸಿದ್ದೇವೆ; ಏಳನೆಯದಕ್ಕೆ ಬೇಕೆಂದೇ ಬಳಿಸಿಲ್ಲ. ಏಪ್ರಿಲ್ ತಿಂಗಳ ಬಿಸಿಲು ಬಂದಾಗ ಅಂಕಿ ಏನು ಹೇಳುವುದೋ ನೋಡಬೇಕು. ಏಳನೆಯ ತರಗತಿಯ ಮಕ್ಕಳು ಮಾತ್ರ ಈ ಪ್ರಯೋಗವನ್ನು ಬೇಗ ಮುಗಿಸಬೇಕೆಂದು ಈಗಾಗಲೇ ಅರ್ಜಿ ಕೊಟ್ಟಿದ್ದಾರೆ. ನೋಟುಪುಸ್ತಕ ಕಚೇರಿಯ ಮೇಜಿನ ಮೇಲಿದೆ. ಮಧ್ಯಾಹ್ನ ಒಂದು ಗಂಟೆಗೆ ಬಂದ ಪೋಷಕರು ಅಂದಿನ ಅಂಕಿಯನ್ನು ತಾವೇ ಓದಿ, ಕೆಳಗೆ ರುಜು ಹಾಕಿ ಹೋಗಬಹುದು.